ತುಂಬಿದ ಜಲಾಶಯದ ಅಂಚಿನಲ್ಲಿ ಹರಿಗೋಲಿನ ಮೀನುಗಾರಿಕೆ

ಉತ್ತರೆ ಮಳೆ ಕಳೆದು ಹಸ್ತ ಹಿಡಿಯುವ ವೇಳೆಗೆ, ಅಂದರೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಒಳ್ಳೆಯ ಮುಂಗಾರು ಆದ ವರ್ಷಗಳಲ್ಲಿ ನಮ್ಮ ದೊಡ್ಡ ಜಲಾಶಯಗಳು ತುಂಬಿ ನಿಂತಿರುತ್ತವೆ. ಹಿನ್ನೀರಿನ ಊರುಗಳಲ್ಲಿ ಬೇಸಾಯದ ಜೊತೆಗೆ ಮೀನು ಹಿಡಿಯುವ ಕಸುಬನ್ನೂ ಇಟ್ಟುಕೊಂಡಿರುವ ಕುಟುಂಬಗಳು ಹರಿಗೋಲಿಗೆ ಡಾಂಬರು ಬಳಿದು ನೀರಿಗಿಳಿಸುವ ಕಾಲವಿದು. ಈ ಒಂದೆರಡು ತಿಂಗಳು ಮೀನು ನಡುನೀರಿಗಿಂತ ಅಂಚಿನಲ್ಲಿಯೇ ಸುಲಭವಾಗಿ ಸಿಗುತ್ತದೆ. ಹೀಗೇಕೆ, ಮತ್ತು ಈ ಸುಲಭದ ಬೇಟೆಯಿಂದ ಮುಂದಿನ ವರ್ಷಗಳ ಫಸಲು ಹೇಗೆ ಕೆಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನೀರಿನಡಿಯ ಹೊಲ

ತುಂಗಭದ್ರಾ ಜಲಾಶಯವನ್ನೇ ತೆಗೆದುಕೊಳ್ಳೋಣ. 1953ರಿಂದ ನೀರಾವರಿಗೆ ಒದಗುತ್ತಿರುವ ಈ ಜಲಾಶಯ ಪೂರ್ತಿ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ನೆಲವನ್ನು ಆವರಿಸುತ್ತದೆ. ಕಾಲುವೆಗಳಿಗೆ ನೀರು ಹರಿದಂತೆಲ್ಲ ಅಂಚು ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ಹೀಗೆ ತೆರೆದ ನೆಲದಲ್ಲಿ ಹುಲ್ಲು ಹಬ್ಬುತ್ತದೆ, ದನಕುರಿಗಳು ಮೇಯುತ್ತವೆ, ಸಗಣಿ ಹಿಕ್ಕೆಗಳು ಬೀಳುತ್ತವೆ. ಹಸಿ ಆರದ ಕಡೆ ಕೆಲವರು ಒಂದು ಬೆಳೆಯನ್ನೂ ತೆಗೆಯುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ನೀರು ಏರಿದಾಗ ಹುಲ್ಲು, ಕೂಳೆ, ಗೊಬ್ಬರ ಎಲ್ಲವೂ ಮುಳುಗಿ ಕೊಳೆಯತೊಡಗುತ್ತವೆ.

ಗದ್ದೆಗೆ ಹಸಿರೆಲೆ ಗೊಬ್ಬರ ತುಳಿಯುವ ರೈತನಿಗೆ ಮುಂದಿನದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೊಳೆತ ವಸ್ತುವಿನಿಂದ ಸಾರಜನಕ, ರಂಜಕ ಮೊದಲಾದ ಪೋಷಕಾಂಶಗಳು ನೀರಿಗೆ ಬಿಡುಗಡೆಯಾಗುತ್ತವೆ. ತೆಳುನೀರಿನಲ್ಲಿ ಬಿಸಿಲು ತಳದವರೆಗೂ ಇಳಿಯುವುದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಅಲ್ಲಿ ಬೇಗ ವೃದ್ಧಿಯಾಗುತ್ತವೆ. ಅವನ್ನು ತಿನ್ನುವ ಸೂಕ್ಷ್ಮ ಪ್ರಾಣಿಗಳು ಅವುಗಳ ಹಿಂದೆಯೇ ಹೆಚ್ಚುತ್ತವೆ. ಆಳದ ನೀರಿಗೆ ಬೆಳಕೂ ಇಲ್ಲ, ಇಷ್ಟು ಗೊಬ್ಬರವೂ ಇಲ್ಲ. ಬೇಸಾಯಶಾಸ್ತ್ರ ಕಲಿಸುವ ನನ್ನಂಥವನಿಗೆ ಜಲಾಶಯದ ಈ ಅಂಚು ಗೊಬ್ಬರ ಹಾಕಿ ನೀರು ಕಟ್ಟಿದ ಹೊಲದಂತೆಯೇ ಕಾಣುತ್ತದೆ. ಈ ಹೊಲಕ್ಕೆ ವಿಷವೂ ಅಷ್ಟೇ ಸುಲಭವಾಗಿ ಸೇರುತ್ತದೆ. 2011ರಲ್ಲಿ ನಿಷೇಧಿಸಲಾದ ಎಂಡೋಸಲ್ಫಾನ್ ಮೀನಿಗೆ ಬಹು ಘೋರವಾಗಿತ್ತು. ಈಗ ಬಳಕೆಯಲ್ಲಿರುವ ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳೂ ಅತ್ಯಲ್ಪ ಪ್ರಮಾಣದಲ್ಲಿಯೇ ಮೀನನ್ನು ಕೊಲ್ಲುತ್ತವೆ. ಸಿಂಪರಣಾ ಯಂತ್ರವನ್ನು ಹಿನ್ನೀರಿನಲ್ಲಿ ತೊಳೆಯುವುದು ಸರ್ವಥಾ ಸಲ್ಲದು.

ಯಾವ ಮೀನು ಎಲ್ಲಿ?

ಕಾಟ್ಲಾ ಮೇಲ್ಪದರದಲ್ಲಿ ಈಜುತ್ತ ಸೂಕ್ಷ್ಮ ಪ್ರಾಣಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುಪದರದ್ದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೊಳೆತ ಪದಾರ್ಥವನ್ನು ಕೆದಕಿ ಜೀವಿಸುತ್ತವೆ. ಮೂರೂ ಪದರಗಳ ಮೇವು ಈಗ ಅಂಚಿನಲ್ಲಿ ಒಂದೇ ಕಡೆ ಇರುವುದರಿಂದ ಎಲ್ಲವೂ ಅತ್ತ ಬರುತ್ತವೆ, ವಿಶೇಷವಾಗಿ ಹಳ್ಳಗಳು ಬಂದು ಸೇರುವ ಬಾಯಿಗಳಿಗೆ.

ಆದರೆ ಅಲ್ಲಿಗೆ ದೊಡ್ಡ ಮೀನು ಮಾತ್ರ ಬರುವುದಿಲ್ಲ. ಮಳೆಗಾಲದ ಹೊಸನೀರಿನಲ್ಲಿ ಮೊಟ್ಟೆಯೊಡೆದ ಮರಿಗಳೂ ಬಿತ್ತನೆಗಾಗಿ ಬಿಟ್ಟ ಬೆರಳುದ್ದದ ಮರಿಗಳೂ ಮುಳುಗಿದ ಹುಲ್ಲಿನ ಮರೆಯನ್ನು ಹುಡುಕಿ ಅಲ್ಲಿಯೇ ನೆಲೆಸುತ್ತವೆ. ಮರಿಗಳನ್ನು ತಿನ್ನುವ ಬಾಳೆಮೀನು, ಕೊರವಗಳು ಅವುಗಳ ಬೆನ್ನು ಹತ್ತುತ್ತವೆ. ಇದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲೆಂಡಿನ ಜಲಾಶಯಗಳಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಬೇಸಿಗೆಯಲ್ಲಿ ಆಳಕ್ಕಿಳಿದಿದ್ದು, ನೀರು ತಂಪಾಗುವ ಸೆಪ್ಟೆಂಬರ್‌ನಲ್ಲಿ ಮರಿಮೀನುಗಳ ಬೇಟೆಗೆ ದಡದ ಜೊಂಡಿನತ್ತ ಬರುತ್ತದೆ. ಸಣ್ಣ ದೋಣಿಯಲ್ಲಿ ಕುಳಿತು ಗಾಳ ಹಾಕುವವರು ಇದನ್ನೇ ಕಾದಿರುತ್ತಾರೆ. ಅವರದು ಒಂದು ಗಾಳಕ್ಕೆ ಒಂದು ಮೀನು. ನಮ್ಮದು ಬಲೆ.

ಬಲೆಯ ಕಣ್ಣು

ಹರಿಗೋಲಿನಿಂದ ಬಿಡುವುದು ಹೆಚ್ಚಾಗಿ ಕಿವಿರು ಬಲೆ. ಮೇಲಂಚಿಗೆ ಬೆಂಡು, ಕೆಳಅಂಚಿಗೆ ಭಾರ ಕಟ್ಟಿದ ಈ ಬಲೆ ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತದೆ. ಮೀನು ತಲೆ ತೂರಿಸುತ್ತದೆ, ಮೈ ತೂರುವುದಿಲ್ಲ. ಹಿಂದಕ್ಕೆ ಸರಿದರೆ ಕಿವಿರಿನ ಮುಚ್ಚಳಕ್ಕೆ ನೂಲು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಯಾವ ಗಾತ್ರದ ಮೀನು ಸಾಯಬೇಕು, ಯಾವುದು ಉಳಿಯಬೇಕು ಎಂಬುದನ್ನು ಕಣ್ಣಿನ ಅಳತೆಯೇ ತೀರ್ಮಾನಿಸುತ್ತದೆ. ಒಂದು ಕಣ್ಣನ್ನು ಎಳೆದು ಹಿಡಿದು ಗಂಟಿನಿಂದ ಗಂಟಿಗೆ ಅಳೆಯಬೇಕು. ಕಾಟ್ಲಾ, ರೋಹುಗಳಿಗೆ ಇದು 100 ಮಿಲಿಮೀಟರಿಗೆ ಕಡಿಮೆ ಇರಬಾರದೆಂಬುದು ನನ್ನ ಅಭಿಪ್ರಾಯ. ಅಳತೆಪಟ್ಟಿ ಇಲ್ಲದಿದ್ದರೆ ಹೆಬ್ಬೆರಳು ಸೇರಿಸಿ ಅಂಗೈಯ ಅಗಲ ನೋಡಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ.

ಈ ತಿಂಗಳು 200 ಗ್ರಾಂ ತೂಗುವ ಕಾಟ್ಲಾ ಮೇವು ಚೆನ್ನಾಗಿದ್ದರೆ ಮುಂದಿನ ವರ್ಷ ಇದೇ ವೇಳೆಗೆ ಒಂದು ಕಿಲೋ ದಾಟಬಲ್ಲದು. ಅಲ್ಲದೆ ಈ ಮೀನುಗಳು ಸಾಮಾನ್ಯವಾಗಿ ಎರಡು ವರ್ಷ ತುಂಬಿದ ಮೇಲೆಯೇ ಸಂತಾನಕ್ಕೆ ಬರುತ್ತವೆ. ಸಣ್ಣ ಕಣ್ಣಿನ ಬಲೆಯಲ್ಲಿ ಎತ್ತಿದ ಒಂದು ಬುಟ್ಟಿ ಮರಿ ಹಾಲುಗಾಳಿನಲ್ಲಿ ಕೊಯ್ದ ಜೋಳದಂತೆ.

ಇಂದಿನ ಸಾರಿಗೆ ಸಣ್ಣ ಮೀನು ಬೇಡವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ದೊಡ್ಡದಾಗದ ನಾಡಜಾತಿಯ ಸಣ್ಣ ಮೀನುಗಳು ಬೇಕಾದಷ್ಟಿವೆ, ಅವುಗಳಿಗೆ ಸಣ್ಣ ಕಣ್ಣೇ ಬೇಕು. ಅಂಥ ಬಲೆಯನ್ನು ಹಳ್ಳದ ಬಾಯಿಯಲ್ಲಿಯೂ ಮುಳುಗಿದ ಹುಲ್ಲಿನ ಮೇಲೂ ಬಿಡದೆ, ಮರಿ ಬಿತ್ತಿದ ಜಾಗದಿಂದ ದೂರದಲ್ಲಿ ಬಿಡಬಹುದು. ನಿಜವಾದ ತೊಡಕು ಬೇರೆ ಇದೆ: ಒಬ್ಬನು ಬಿಟ್ಟ ಮರಿಯನ್ನು ಪಕ್ಕದವನು ಅದೇ ರಾತ್ರಿ ಎತ್ತಿದರೆ ಬಿಟ್ಟವನಿಗೆ ಸಿಕ್ಕಿದ್ದೇನು? ಒಬ್ಬಂಟಿಯ ಸಂಯಮದಿಂದ ಇದು ಆಗುವ ಕೆಲಸವಲ್ಲ. ಮೀನುಗಾರರ ಸಹಕಾರ ಸಂಘ ಕಣ್ಣಿನ ಅಳತೆಯನ್ನೂ ಬಲೆ ಬಿಡಬಾರದ ಹಳ್ಳದ ಬಾಯಿಗಳನ್ನೂ ಸಭೆಯಲ್ಲಿ ಗೊತ್ತುಮಾಡಿ, ಬಲೆ ಕೊಳ್ಳುವ ಮೊದಲೇ ಎಲ್ಲರಿಗೂ ತಿಳಿಸಬೇಕು. ಕೊಂಡ ಬಲೆಯನ್ನು ಸುಡು ಎಂದರೆ ಯಾರು ಕೇಳುತ್ತಾರೆ? ವಿಸ್ತರಣಾ ಕಾರ್ಯಕರ್ತರು ಇಲ್ಲಿ ನೆರವಾಗಬಹುದು.

ಹರಿಗೋಲಿನ ಮೇಲೆ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಳಗೆ ಬೆತ್ತ, ಹೊರಗೆ ಚರ್ಮ ಇರುವ ಬುಟ್ಟಿಯಂಥ ದೋಣಿಗಳು ಸುತ್ತುತ್ತಲೇ ಹೊಳೆ ದಾಟುತ್ತಿದ್ದುದನ್ನು ಬರೆದಿದ್ದಾನೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಸುತ್ತುವ ಗುಣ ಹಾಗೆಯೇ ಇದೆ. ತೆಳುನೀರಿನಲ್ಲಿ ಹುಲ್ಲಿನ ಮೇಲೂ ತೇಲಿಹೋಗುವ ಹರಿಗೋಲು ಅಂಚಿನ ಕೆಲಸಕ್ಕೆ ಉತ್ತಮ. ಆದರೆ ವಿಶಾಲ ನೀರಿನಲ್ಲಿ ಗಾಳಿ ಎದ್ದರೆ ಅದನ್ನು ಹಿಡಿದು ನಿಲ್ಲಿಸುವುದು ಕಷ್ಟ. ಸಂಜೆ ಗಾಳಿ ಬೀಸುವ ದಿಕ್ಕಿಗೇ ತೇಲುತ್ತ ಬಲೆ ಬಿಡಬೇಕು. ಒಬ್ಬರು ಹುಟ್ಟು ಹಾಕಿದರೆ ಇನ್ನೊಬ್ಬರು ಬಲೆ ಇಳಿಸಬೇಕು. ನೀರು ಕೆಂಪಗಿರುವವರೆಗೆ ಬಲೆ ಮೀನಿಗೆ ಕಾಣದು. ತಿಳಿಯಾದ ಮೇಲೆ ಕತ್ತಲ ರಾತ್ರಿಗಳೇ ಲಾಭದಾಯಕ.

ಹಸ್ತ, ಚಿತ್ತ ಮಳೆಗಳು ಸಿಡಿಲಿನ ಮಳೆಗಳು. ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಬಲೆ ಬಿಟ್ಟಲ್ಲೇ ಇರಲಿ, ಹರಿಗೋಲು ದಡಕ್ಕೆ ಬರಲಿ. ತೆರೆದ ನೀರಿನಲ್ಲಿ ಎತ್ತರದ ವಸ್ತುವೆಂದರೆ ಕುಳಿತಿರುವ ಮನುಷ್ಯನೇ. ಈಜು ಬಂದರೂ ತೇಲುವ ಜಾಕೆಟ್ ತೊಡಬೇಕು, ಏಕೆಂದರೆ ಬಲೆ ಕಾಲಿಗೆ ಸುತ್ತಿದಾಗ ಈಜು ಉಪಯೋಗಕ್ಕೆ ಬರುವುದಿಲ್ಲ. ಸೊಂಟದಲ್ಲಿ ಒಂದು ಚೂರಿ ಇರಲಿ. ಬಲೆಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಅಣೆಕಟ್ಟೆಯ ತೂಬು, ಕೋಡಿಗಳ ಹತ್ತಿರಕ್ಕೆ ಹೋಗಲೇಬಾರದು.

ಬೆಳಗಿನ ಜಾವದಲ್ಲಿಯೇ ಬಲೆ ಎತ್ತಿದರೆ ಮೀನು ಕೆಡುವುದಿಲ್ಲ. ಮುಳುಗಿದ ಮರದ ಬೊಡ್ಡೆಗೆ ಸಿಕ್ಕಿ ಹರಿದ ತುಂಡನ್ನು ಅಲ್ಲಿಯೇ ಬಿಟ್ಟು ಬರಬೇಡಿ. ಹಿಂದಿನ ಹತ್ತಿ ನೂಲಿನ ಬಲೆ ಕೆಲವು ತಿಂಗಳಲ್ಲಿ ಕೊಳೆತುಹೋಗುತ್ತಿತ್ತು. ನೈಲಾನ್ ಕೊಳೆಯುವುದಿಲ್ಲ, ಎತ್ತುವವರಿಲ್ಲದಿದ್ದರೂ ಅದು ವರ್ಷಗಟ್ಟಲೆ ಮೀನು ಹಿಡಿಯುತ್ತಲೇ ಇರುತ್ತದೆ.