ಇಲಿಯ ರಕ್ತ ಎಷ್ಟು ದೂರ ಸಾಕ್ಷಿ ಹೇಳೀತು?

ಸಿರುಗುಪ್ಪ, ಕುರುಗೋಡು ಕಡೆಯ ಭತ್ತದ ಗದ್ದೆಗಳಲ್ಲಿ ಬ್ರೊಮಡಯೋಲೋನ್ ಎಂಬ ಇಲಿ ಪಾಷಾಣ ಇಟ್ಟವರಿಗೆ ಗೊತ್ತು: ತಿಂದ ಇಲಿ ಅಲ್ಲೇ ಬೀಳುವುದಿಲ್ಲ. ಕೆಲವು ದಿನ ಓಡಾಡಿಕೊಂಡಿದ್ದು, ಆಮೇಲೆ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. (ಮಗು ಬಾಯಿಗೆ ಹಾಕಿಕೊಂಡರೆ, ಆರಾಮಾಗಿದೆಯಲ್ಲ ಎಂದು ಕಾಯಬೇಡಿ; ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಿ.) ಬಳ್ಳಾರಿಯ ಔಷಧ ಅಂಗಡಿಯಲ್ಲಿ ಹೃದಯದ ಕವಾಟ ಬದಲಿಸಿಕೊಂಡವರು ಕೊಳ್ಳುವ ವಾರ್ಫರಿನ್, ಅಸಿಟ್ರಾಮ್ ಮಾತ್ರೆಗಳೂ ಇದೇ ಕುಲದವು. ರಕ್ತ ಹೆಪ್ಪುಗಟ್ಟಲೆಂದು ವಿಟಮಿನ್ ಕೆ ಯಕೃತ್ತಿನಲ್ಲಿ ಮಾಡುವ ಕೆಲಸಕ್ಕೆ ಪಾಷಾಣ, ಮಾತ್ರೆ ಎರಡೂ ಅಡ್ಡ ನಿಲ್ಲುತ್ತವೆ.

ವಾರ್ಫರಿನ್ ಮಾತ್ರೆಯ ಕಥೆಯೂ ಪ್ರಾಣಿಗಳಿಂದಲೇ ಶುರುವಾದದ್ದು. ಅಮೆರಿಕದಲ್ಲಿ ಕೆಟ್ಟ ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರಲ್ಲಿ ಒಬ್ಬ ರೈತ ಹೆಪ್ಪುಗಟ್ಟದ ರಕ್ತವನ್ನು ಕ್ಯಾನಿನಲ್ಲಿ ತುಂಬಿ ತಂದು ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಕೊಟ್ಟ. ಅಲ್ಲಿನ ಸಂಶೋಧನೆಯಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಯಿತು, 1954ರಲ್ಲಿ ಮನುಷ್ಯರ ಔಷಧವಾಯಿತು.

ಹಾಗಾದರೆ ಇಲಿಯಲ್ಲಿ ಫಲಿಸಿದ್ದೆಲ್ಲ ನಮ್ಮಲ್ಲೂ ಫಲಿಸೀತೇ? ಇಲ್ಲ.

ಹೆಪ್ಪು ತಡೆಯುವ ಹೊಸ ಔಷಧದ ಸಾಮಾನ್ಯ ಪರೀಕ್ಷೆ ಹೀಗೆ ನಡೆಯುತ್ತದೆ. ಅರಿವಳಿಕೆ ಕೊಟ್ಟ ಇಲಿಯ ಕತ್ತಿನ ರಕ್ತನಾಳದ ಮೇಲೆ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದ ಕಾಗದದ ಚೂರನ್ನು ಇಡುತ್ತಾರೆ. ನಾಳದ ಒಳಪದರ ಕೆಟ್ಟು ರಕ್ತ ಹೆಪ್ಪುಗಟ್ಟುತ್ತದೆ. ಔಷಧ ಕೊಟ್ಟಾಗ ಹರಿವು ನಿಲ್ಲಲು ಎಷ್ಟು ಹೆಚ್ಚು ಹೊತ್ತು ಬೇಕಾಯಿತು ಎಂದು ಅಳೆಯುತ್ತಾರೆ. ಜೊತೆಗೆ ಬಾಲದ ತುದಿ ಕತ್ತರಿಸಿ ರಕ್ತ ಎಷ್ಟು ಹೊತ್ತು ಸೋರಿತು ಎಂದೂ ನೋಡುತ್ತಾರೆ. ಹೆಪ್ಪು ತಡೆಯುವ ಪ್ರಮಾಣಕ್ಕೂ ರಕ್ತಸ್ರಾವ ತರುವ ಪ್ರಮಾಣಕ್ಕೂ ನಡುವಿನ ಅಂತರವೇ ಮುಖ್ಯ. ಮೊದಲನೆಯದನ್ನಷ್ಟೇ ಹೇಳುವ ವರದಿ ಅರ್ಧ ವರದಿ.

ಪ್ರಾಣಿಯ ಆಯ್ಕೆ ಇನ್ನೂ ಸೂಕ್ಷ್ಮ. ನಮ್ಮ ಪ್ಲೇಟ್‌ಲೆಟ್‌ಗಳ ಮೇಲಿರುವ ಪಾರ್-1 ಎಂಬ ಗ್ರಾಹಿ ಇಲಿಯ ಪ್ಲೇಟ್‌ಲೆಟ್‌ಗಳಲ್ಲಿ ಇಲ್ಲ. ಅದನ್ನೇ ಮುಚ್ಚುವ ವೊರಾಪಾಕ್ಸಾರ್ ಔಷಧವನ್ನು ಇಲಿಯಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ, ಮಂಗಗಳೇ ಬೇಕಾದವು. ಹೆಪ್ಪು ತಡೆಯುವ ಇನ್ನೊಂದು ಔಷಧ ರಿವರಾಕ್ಸಬಾನ್ ಮೊಲದ ರಕ್ತದಲ್ಲಿ ಮನುಷ್ಯನಲ್ಲಿದ್ದಷ್ಟೇ ಬಿಗಿಯಾಗಿ ಕೆಲಸ ಮಾಡುತ್ತದೆ, ಇಲಿಯಲ್ಲಿ ಅದರ ಹಿಡಿತ ತುಂಬ ಸಡಿಲ. ವಯಸ್ಸಿನ ಮಾತು ಬೇರೆ: ಪ್ರಯೋಗಾಲಯದ ಇಲಿ ಎಳೆಯದು, ಆರೋಗ್ಯವಂತ. ರೋಗಿಯೋ ಅರವತ್ತು ದಾಟಿದವ, ಸಕ್ಕರೆ ಕಾಯಿಲೆ ಇದ್ದವ, ರಕ್ತನಾಳದಲ್ಲಿ ಕೊಬ್ಬು ಕಟ್ಟಿದವ.

ಭಾರತ 2023ರಲ್ಲಿ ಔಷಧ ಪರೀಕ್ಷೆಯ ನಿಯಮ ತಿದ್ದಿ, ಮಾನವ ಜೀವಕೋಶಗಳ ಮೇಲಿನ ಪರೀಕ್ಷೆಯಂಥ ಪ್ರಾಣಿರಹಿತ ವಿಧಾನಗಳಿಗೂ ದಾರಿ ಮಾಡಿದೆ. ಆದರೂ ಹರಿಯುವ ರಕ್ತ, ನಾಳದ ಗೋಡೆ, ಯಕೃತ್ತು ಮೂರೂ ಒಟ್ಟಿಗಿರುವ ವ್ಯವಸ್ಥೆಯನ್ನು ತಟ್ಟೆಯಲ್ಲಿ ಪೂರ್ತಿ ಕಟ್ಟುವುದು ಇಂದಿಗೂ ಕಷ್ಟ.

ಹೊಸ ಔಷಧ ಇಲಿಯಲ್ಲಿ ಗೆದ್ದ ಸುದ್ದಿ ಓದಿ ನೀವು ನುಂಗುತ್ತಿರುವ ಮಾತ್ರೆ ಬಿಡಬೇಡಿ; ವಾರ್ಫರಿನ್, ಅಸಿಟ್ರಾಮ್‌ನವರು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಐಎನ್‌ಆರ್ ಪರೀಕ್ಷೆಯ ದಿನವನ್ನೂ ತಪ್ಪಿಸಬೇಡಿ.