ಎರಡೂವರೆ ಗುಂಟೆಯಲ್ಲೊಂದು ಶೆಡ್ಡು, ಒಂದು ಹೊಂಡ

ಅಕ್ಟೋಬರಿನ ಒಂದು ಶನಿವಾರ. ಶೆಡ್ಡಿನ ಅಡಿಗೆ ಹಾಸಲೆಂದು ಹಳೆಯ ಕಾಂಕ್ರೀಟ್ ಚಪ್ಪಡಿಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದೆ. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಅಮ್ಮನ ಫೋನು. ಏನು ಮಾಡುತ್ತಿದ್ದೇನೆಂದು ಹೇಳಿದೆ.

“ಯಾರ ಜಾಗ ಅದು?”

“ಕೌನ್ಸಿಲ್‌ನೋರದ್ದಮ್ಮ. ವರ್ಷಕ್ಕಿಷ್ಟು ಅಂತ ಬಾಡಿಗೆ ಕಟ್ತೀವಿ.”

“ಬಾಡಿಗೆ ಜಾಗದಲ್ಲಿ ಮನೆ ಕಟ್ಟಿ, ಕೆರೆ ಬೇರೆ ತೋಡ್ತೀಯಾ? ನಾಳೆ ಬಿಟ್ಟು ಹೋಗಿ ಅಂದ್ರೆ ಏನೇ ಮಾಡ್ತೀಯಾ?”

ಇಂಗ್ಲೆಂಡಿನ ‘ಅಲಾಟ್‌ಮೆಂಟ್’ ಎಂಬ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಸರಿಯಾದ ಪ್ರಶ್ನೆ ಇನ್ನೊಂದಿಲ್ಲ.

ಊರಂಚಿನಲ್ಲೋ ರೈಲು ಹಳಿಯ ಪಕ್ಕದಲ್ಲೋ ಇರುವ ಒಂದಷ್ಟು ಎಕರೆ ಜಮೀನನ್ನು ಸ್ಥಳೀಯ ಆಡಳಿತ ತುಂಡು ತುಂಡಾಗಿ ಅಳೆದು, ಮನೆಮಂದಿಗೆ ಬೇಕಾದ ತರಕಾರಿ ಬೆಳೆದುಕೊಳ್ಳಿ ಎಂದು ಊರಿನವರಿಗೆ ಕೊಡುತ್ತದೆ. ಒಂದೊಂದು ತುಂಡೂ ಒಂದು ಅಲಾಟ್‌ಮೆಂಟ್. ಅದರ ಅಳತೆ ಇವತ್ತಿಗೂ ಹಳೆಯ ‘ರಾಡ್’ ಲೆಕ್ಕದಲ್ಲೇ ಇದೆ. ಪೂರ್ತಿ ತುಂಡೆಂದರೆ ಹತ್ತು ರಾಡ್, ಸುಮಾರು 250 ಚದರ ಮೀಟರ್. ಮೊದಲ ಸಲ ಈ ಮಾತು ಕೇಳಿದಾಗ ತಲೆಬುಡ ತಿಳಿಯಲಿಲ್ಲ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ ಎಂದು ಗೊತ್ತಾದ ಮೇಲೆ ಲೆಕ್ಕ ಹಾಕಿ ನೋಡಿದೆ. ನಮ್ಮ ಗುಂಟೆ ಮೂವತ್ತಮೂರು ಅಡಿಗೆ ಮೂವತ್ತಮೂರು ಅಡಿ, ಅಂದರೆ ಉದ್ದಕ್ಕೆ ಎರಡು ರಾಡ್, ಅಗಲಕ್ಕೆ ಎರಡು ರಾಡ್. ಹತ್ತು ಚದರ ರಾಡ್ ಎಂದರೆ ಸರಿಯಾಗಿ ಎರಡೂವರೆ ಗುಂಟೆ! ಅಪ್ಪನ ಪಹಣಿಯಲ್ಲಿ ನೋಡಿ ಬೆಳೆದ ಅಳತೆ ಅಷ್ಟು ದೂರದ ಊರಿನಲ್ಲಿ ಬೇರೆ ಹೆಸರಿಟ್ಟುಕೊಂಡು ಸಿಕ್ಕಿತ್ತು. ಆ ಜಾಗ ನನ್ನದೆನ್ನಿಸಿದ್ದು ಆಗಲೇ.

ಈ ತುಂಡುಗಳು ಯಾರದೋ ದೊಡ್ಡ ಮನಸ್ಸಿನಿಂದ ಸುಮ್ಮನೆ ಬಂದವಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲೂ ನಮ್ಮ ಗೋಮಾಳದಂಥ ಊರೊಟ್ಟಿನ ಭೂಮಿ ಇತ್ತು. ಬಡವರು ಅಲ್ಲಿ ಹಸು ಮೇಯಿಸುತ್ತಿದ್ದರು, ಸೌದೆ ಆರಿಸುತ್ತಿದ್ದರು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಸಂಸತ್ತು ಒಂದರ ಮೇಲೊಂದು ಕಾಯ್ದೆ ತಂದು ಆ ಭೂಮಿಗೆ ಬೇಲಿ ಹಾಕಿಸಿ ಜಮೀನ್ದಾರರ ಪಾಲು ಮಾಡಿತು. ಭೂಮಿ ಕಳೆದುಕೊಂಡವರ ಹಸಿವು ಕಣ್ಣಿಗೆ ರಾಚತೊಡಗಿದ ಮೇಲೆ ಅಲ್ಲಲ್ಲಿ ಒಂದೊಂದು ಚೂರು ಹಿಂದಿರುಗಿತು. ವಿಲ್ಟ್‌ಷೈರಿನ ಗ್ರೇಟ್ ಸಾಮರ್‌ಫರ್ಡ್ ಹಳ್ಳಿಯಲ್ಲಿ 1809ರಲ್ಲಿ ಅಲ್ಲಿನ ಪಾದ್ರಿಯ ಪ್ರಯತ್ನದಿಂದ ಬಡವರಿಗಾಗಿ ಬಿಟ್ಟ ತೋಟ ಇವುಗಳಲ್ಲಿ ಅತಿ ಹಳೆಯದೆಂದು ಹೆಸರಾಗಿದೆ. ಬೇಡಿಕೆ ಇರುವಲ್ಲಿ ಭೂಮಿ ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳ ಮೇಲೆ ಗಟ್ಟಿಯಾಗಿ ಹೊರಿಸಿದ್ದು 1908ರ ಕಾಯ್ದೆ. ಊರಿನ ಆರು ಮಂದಿ ಮತದಾರರು ಸೇರಿ ಅರ್ಜಿ ಬರೆದರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳಲ್ಲಿ ಬರುತ್ತಿದ್ದ ಆಹಾರಕ್ಕೆ ಕುತ್ತು ಬಂದಾಗ ಸರ್ಕಾರ ‘ಡಿಗ್ ಫಾರ್ ವಿಕ್ಟರಿ’ ಎಂದು ಜನರ ಕೈಗೆ ಸನಿಕೆ ಕೊಟ್ಟಿತು. ಆಗ ಅಲಾಟ್‌ಮೆಂಟುಗಳ ಸಂಖ್ಯೆ ಸುಮಾರು 14 ಲಕ್ಷಕ್ಕೆ ಏರಿತ್ತು. ಇಂದು ಅಷ್ಟಿಲ್ಲ. ಹಲವು ನಗರಗಳಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ನಾವೂ ಕಾದೆವು.

ಅಮ್ಮನ ಪ್ರಶ್ನೆಗೂ ಕಾಯ್ದೆಯಲ್ಲಿ ಉತ್ತರವಿದೆ. ಈ ಉದ್ದೇಶಕ್ಕೆಂದೇ ಪಡೆದ ಭೂಮಿಯನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಆಡಳಿತ ಮಾರುವಂತಿಲ್ಲ ಎಂದಿತು 1925ರ ಕಾಯ್ದೆ. ಬಾಡಿಗೆದಾರರನ್ನು ಬಿಡಿಸಬೇಕಾದರೆ ಸಾಮಾನ್ಯವಾಗಿ ಹನ್ನೆರಡು ತಿಂಗಳ ನೋಟಿಸು ಕೊಡಬೇಕು. ಅದರ ಗಡುವು ಏಪ್ರಿಲ್ 6ರೊಳಗೆ ಮುಗಿಯಬೇಕು, ಇಲ್ಲವೇ ಸೆಪ್ಟೆಂಬರ್ 29 ಅಥವಾ ಅದರ ನಂತರಕ್ಕೆ ಬೀಳಬೇಕು. ಬೆಳೆ ನೆಲದ ಮೇಲಿರುವ ತಿಂಗಳುಗಳಲ್ಲಿ ಎಬ್ಬಿಸಿ ಕಳಿಸುವಂತಿಲ್ಲ ಎಂದರ್ಥ. ಬಿತ್ತಿದವರೇ ಕೊಯ್ಯಬೇಕೆಂಬುದನ್ನು ತಾರೀಕು ಹಾಕಿ ಬರೆದಿಟ್ಟ ಈ ಸಾಲಿನ ಮೇಲೆ ನನಗೆ ಬಹಳ ಗೌರವ.

ಇನ್ನು ಶೆಡ್ಡು. ಎಷ್ಟು ದೊಡ್ಡದಿರಬಹುದು, ಎಲ್ಲಿರಬಹುದು ಎಂದು ಬಾಡಿಗೆ ಕರಾರಿನಲ್ಲಿ ಬರೆದಿರುತ್ತದೆ. ಕಟ್ಟುವ ಮುನ್ನ ಅನುಮತಿ ಬೇಕು. ಕಾಂಕ್ರೀಟಿನ ಬುನಾದಿ ಹಾಕಲು ಬಹುತೇಕ ಕಡೆ ಬಿಡುವುದಿಲ್ಲ. ಹಾಗಾಗಿ ನೆಲವನ್ನು ಮಟ್ಟ ಮಾಡಿ, ಮರಳು ಹರಡಿ, ಬಿಡಿ ಚಪ್ಪಡಿ ಕೂರಿಸಿ, ಅದರ ಮೇಲೆ ಮರದ ತೊಲೆಗಳನ್ನಿಟ್ಟು ಶೆಡ್ಡನ್ನು ನೆಲದಿಂದ ಒಂದು ಗೇಣಿನಷ್ಟು ಎತ್ತರಿಸುತ್ತಾರೆ. ಅಡಿಯಲ್ಲಿ ಗಾಳಿಯಾಡಿದರೆ ಹಲಗೆ ಲಡ್ಡಾಗುವುದಿಲ್ಲ. ನಮ್ಮದು ಎಂಟು ಅಡಿಗೆ ಆರು ಅಡಿ. ಕಿಟಕಿ ಯಾರೋ ಮನೆ ರಿಪೇರಿ ಮಾಡಿಸುವಾಗ ಕಿತ್ತು ಹಾಕಿದ್ದು, ಬಾಗಿಲು ಇನ್ಯಾರದೋ ಅಡುಗೆಮನೆಯದು. ಸುತ್ತಮುತ್ತಲಿನ ಶೆಡ್ಡುಗಳೆಲ್ಲ ಹೀಗೆ ಕೂಡಿಸಿ ಕಟ್ಟಿದವೇ. ನಾಟಿಂಗ್‌ಹ್ಯಾಮಿನ ಸೇಂಟ್ ಆ್ಯನ್ಸ್ ಅಲಾಟ್‌ಮೆಂಟುಗಳಲ್ಲಿ ಮಾತ್ರ ವಿಕ್ಟೋರಿಯಾ ರಾಣಿಯ ಕಾಲದ ಇಟ್ಟಿಗೆಯ ಪುಟ್ಟ ಮನೆಗಳು ಇನ್ನೂ ಕೆಲವು ಉಳಿದಿವೆ. 75 ಎಕರೆಯ ಆ ತೋಟಗಳು ಈಗ ದೇಶದ ರಕ್ಷಿತ ಐತಿಹಾಸಿಕ ಉದ್ಯಾನಗಳ ಪಟ್ಟಿಯಲ್ಲಿವೆ.

ಸನಿಕೆ, ಗುದ್ದಲಿ, ಬೀಜದ ಡಬ್ಬಿ ಇಡಲು ಶೆಡ್ಡು ಬೇಕು, ನಿಜ. ಆದರೆ ನನ್ನ ಮಟ್ಟಿಗೆ ಅದರ ದೊಡ್ಡ ಉಪಯೋಗ ಮಾಡಿನದು. ಎಂಟಕ್ಕೆ ಆರಡಿಯ ಮಾಡೆಂದರೆ ಸುಮಾರು ನಾಲ್ಕೂವರೆ ಚದರ ಮೀಟರ್. ಹತ್ತು ಮಿಲಿಮೀಟರ್ ಮಳೆಗೆ ಹತ್ತಿರ ಹತ್ತಿರ 45 ಲೀಟರ್ ನೀರು. ಅಂಚಿಗೊಂದು ಪ್ಲಾಸ್ಟಿಕ್ ದೋಣಿ, ಅದರ ಕೆಳಗೆ 200 ಲೀಟರಿನ ಪೀಪಾಯಿ. ಸೂರಿನ ನೀರಿಗೆ ಹಂಡೆ ಇಡುವುದನ್ನು ನೋಡಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಪೀಪಾಯಿ ತುಂಬಿ ಹರಿದ ನೀರು ಹೋಗುವುದು ಹೊಂಡಕ್ಕೆ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ನಡುವೆ ಅರ್ಧ ಮೀಟರ್ ಆಳ. ಒಂದು ಬದಿಯನ್ನು ಕಡಲತೀರದ ಹಾಗೆ ಸಣ್ಣಗೆ ಇಳಿಜಾರು ಮಾಡಿದ್ದೇವೆ. ಅದಿಲ್ಲದಿದ್ದರೆ ರಾತ್ರಿ ನೀರಿಗೆ ಬರುವ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಪ್ರಾಣಿ ಜಾರಿ ಬಿದ್ದರೆ ಹತ್ತಿ ಬರಲಾರದೆ ಸಾಯುತ್ತದೆ. ತೋಡಿದ ಮೇಲೆ ಒಂದು ಇಡೀ ಮಧ್ಯಾಹ್ನ ಕೈಯಿಂದ ತಡವಿ ತಡವಿ ಕಲ್ಲಿನ ಚೂರು ಆರಿಸಿದೆ. ಆಮೇಲೆ ಮರಳು, ಅದರ ಮೇಲೆ ಹಳೆಯ ಕಂಬಳಿ, ಕೊನೆಗೆ ಕಪ್ಪು ರಬ್ಬರ್ ಹಾಳೆ. ಹಾಳೆಯ ಲೆಕ್ಕ ಸುಲಭ: ಉದ್ದಕ್ಕೆ ಆಳದ ಎರಡರಷ್ಟು ಕೂಡಿಸಿ, ಅಂಚಿಗೆ ಮಡಚಲು ಎರಡೂ ಕಡೆ ಒಂದೊಂದು ಅಡಿ ಬಿಡಬೇಕು. ಅಗಲಕ್ಕೂ ಹಾಗೆಯೇ. ನಮ್ಮ ಬಯಲುಸೀಮೆಯಲ್ಲಿ ಕೃಷಿಹೊಂಡಕ್ಕೆ ಹಾಳೆ ಹಾಸುವುದನ್ನು ಕಂಡವರಿಗೆ ಇದೆಲ್ಲ ಚಿಕ್ಕ ಅಳತೆಯಲ್ಲಿ ನಡೆದ ಅದೇ ಕೆಲಸ.

ಮಳೆನೀರಿನಿಂದಲೇ ತುಂಬಲು ಬಿಟ್ಟಿದ್ದರೆ ಚಳಿಗಾಲವಿಡೀ ಹಿಡಿಯುತ್ತಿತ್ತು. ನಾನು ಕಾಯದೆ ನಲ್ಲಿ ನೀರು ತುಂಬಿಸಿದೆ. ನಲ್ಲಿ ನೀರಿನಲ್ಲಿ ಕರಗಿರುವ ನೈಟ್ರೇಟ್, ಫಾಸ್ಫೇಟುಗಳು ಪಾಚಿಗೆ ಗೊಬ್ಬರವಿದ್ದ ಹಾಗೆ. ಮೇ ಹೊತ್ತಿಗೆ ನೀರೆಲ್ಲ ದಟ್ಟ ಹಸಿರಾಗಿ ತಳವೇ ಕಾಣದಾಯಿತು. ಪಕ್ಕದ ತುಂಡಿನ ವೃದ್ಧರು ಬಂದು ನೋಡಿದರು. ಬಿದಿರುಕೋಲಿಗೆ ಪಾಚಿಯನ್ನು ಸುತ್ತಿ ತೆಗೆದು, ಅದರಲ್ಲಿ ಸಿಕ್ಕಿಕೊಂಡ ಹುಳುಗಳು ನೀರಿಗೆ ಮರಳಲೆಂದು ದಡದಲ್ಲೇ ಒಂದು ರಾತ್ರಿ ಬಿಟ್ಟರು. ತಮ್ಮ ಹೊಂಡದಿಂದ ಒಂದು ಹಿಡಿ ನೀರುಗಿಡವನ್ನೂ ತಂದು ಹಾಕಿದರು. ಕಪ್ಪೆಮೊಟ್ಟೆ ಮಾತ್ರ ಕೊಡಲಿಲ್ಲ. ಒಂದು ಹೊಂಡದ್ದು ಇನ್ನೊಂದಕ್ಕೆ ಹೋದರೆ ರೋಗವೂ ಜೊತೆಗೆ ಹೋಗುತ್ತದಂತೆ. ನೀರಿದ್ದರೆ ಅವು ತಾವಾಗಿಯೇ ಬರುತ್ತವೆ ಎಂದರು. ಮೀನು ಬಿಡಲೂ ಬೇಡವೆಂದರು, ಗೊದಮೊಟ್ಟೆಗಳನ್ನು ತಿಂದುಬಿಡುತ್ತವೆ.

ಇಷ್ಟೆಲ್ಲ ಕಪ್ಪೆಯ ಸಲುವಾಗಿಯೇ. ಈ ದೇಶದ ತೇವದಲ್ಲಿ ತರಕಾರಿಗೆ ದೊಡ್ಡ ಶತ್ರು ಚಿಪ್ಪಿಲ್ಲದ ಬಸವನಹುಳು. ಸಂಜೆ ನೆಟ್ಟ ಹುರುಳಿಕಾಯಿ ಸಸಿ ಬೆಳಗ್ಗೆ ಬರೀ ಕಡ್ಡಿಯಾಗಿರುತ್ತದೆ. ಹಿಂದೆ ಅದಕ್ಕೆ ಸುರಿಯುತ್ತಿದ್ದ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆಯನ್ನು ಹಕ್ಕಿಗಳಿಗೂ ಪ್ರಾಣಿಗಳಿಗೂ ಅಪಾಯವೆಂದು 2022ರ ವಸಂತದಿಂದ ಬ್ರಿಟನ್ನಿನಲ್ಲಿ ಬಯಲಿನ ಬಳಕೆಗೆ ನಿಷೇಧಿಸಿದ್ದಾರೆ. ಆ ಹುಳುವನ್ನು ಹುಡುಕಿ ತಿನ್ನುವ ಕಪ್ಪೆಯನ್ನು ಕರೆಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಒಳ್ಳೆಯ ದಾರಿ.

ಎರಡನೆಯ ವರ್ಷದ ಮಾರ್ಚ್ ಮೊದಲ ವಾರ ಬೀಗ ತೆಗೆಯಲು ಹೋದವಳು ಹೊಂಡದ ಬಳಿ ನಿಂತುಬಿಟ್ಟೆ. ಇಳಿಜಾರಿನ ಆಳವಿಲ್ಲದ ನೀರಿನಲ್ಲಿ ನೆನೆಸಿಟ್ಟ ಕಾಮಕಸ್ತೂರಿ ಬೀಜದ ಹಾಗೆ, ಸುತ್ತ ಲೋಳೆ, ನಡುವೆ ಕಪ್ಪು ಚುಕ್ಕೆ. ಬೊಗಸೆ ತುಂಬುವಷ್ಟು ಮೊಟ್ಟೆ. ಹದಿನೈದು ದಿನದಲ್ಲಿ ಚುಕ್ಕೆಗಳಿಗೆ ಬಾಲ ಬಂತು. ಮೇ ತಿಂಗಳಲ್ಲಿ ಹಿಂಗಾಲು. ಜೂನಿನ ಒಂದು ಸಂಜೆ ಮಳೆ ಬಂದು ನಿಂತಾಗ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಪ್ಪೆಗಳು ಒಂದೊಂದಾಗಿ ದಡ ಹತ್ತಿದವು. ಎಲೆಕೋಸಿನ ಪಾತಿಗೆ ಹೋದವು ಕೆಲವೇ. ಹೆಚ್ಚಿನವು ಶೆಡ್ಡಿನ ಅಡಿಗೆ, ನಾವು ಗಾಳಿಗೆಂದು ಬಿಟ್ಟಿದ್ದ ಆ ಗೇಣು ಜಾಗದ ಕತ್ತಲೆಗೆ ಹೋದವು.

ಅಮ್ಮನಿಗೆ ವಿಡಿಯೊ ಕರೆ ಮಾಡಿದೆ. ಅಲ್ಲಿ ರಾತ್ರಿ ಹನ್ನೆರಡು ದಾಟಿತ್ತು. “ಇನ್ನೂ ಕೆಳಗೆ ಹಿಡಿಯೇ, ಕಾಣ್ತಿಲ್ಲ” ಎಂದಳು. ನಾನು ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿ ಫೋನನ್ನು ಚಪ್ಪಡಿಗಳ ನಡುವೆ ಒಳಗೆ ಚಾಚಿದೆ.