ಮುಂಜಾನೆಯ ಎಂಜಿನೂ ಎಣ್ಣೆಯ ಒತ್ತಡವೂ

ಯಂತ್ರಗಳಿಗೂ ರೋಗವುಂಟು, ರೋಗಕ್ಕೆ ಲಕ್ಷಣವುಂಟು. ಆದರೆ ಒಂದೇ ಲಕ್ಷಣವು ಹಲವು ರೋಗಗಳಲ್ಲಿ ತಲೆದೋರುವುದರಿಂದ, ಲಕ್ಷಣವನ್ನೇ ರೋಗವೆಂದು ಬಗೆದು ಚಿಕಿತ್ಸೆಗೆ ತೊಡಗುವ ವೈದ್ಯನು ರೋಗಿಗೆ ಕೇಡನ್ನೇ ಮಾಡುತ್ತಾನೆ. ಹಳೆಯ ಮೋಟಾರು ಕಾರುಗಳಲ್ಲಿ ಇಂಥ ಲಕ್ಷಣಗಳೊಳಗೆ ಮುಖ್ಯವಾದುದೊಂದು, ಎಂಜಿನನ್ನು ಚಾಲೂ ಮಾಡಿದೊಡನೆ ಎಣ್ಣೆಯ ಒತ್ತಡವು ಏರದಿರುವುದು. ಒತ್ತಡಮಾಪಕದ ಮುಳ್ಳು ಸೊನ್ನೆಯಲ್ಲಿಯೇ ನಿಂತಿರುತ್ತದೆ. ಮಾಪಕವಿಲ್ಲದ ಗಾಡಿಯಲ್ಲಿ ಕೆಂಪು ದೀಪವು ಆರದೆ ಉರಿಯುತ್ತಿರುತ್ತದೆ. ಇದರ ಕಾರಣವನ್ನು ಯಾವ ಕ್ರಮದಿಂದ ಹುಡುಕಬೇಕೆಂಬುದೇ ಈ ಭಾಷಣದ ವಿಷಯ.

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೊರಟವರಿಗೆ ಹೆದ್ದಾರಿಯ ಮೇಲೆ ಆನಗೋಡು ಸಿಕ್ಕುತ್ತದೆ. ಹಿಂದೆ ಪುಣೆ–ಬೆಂಗಳೂರು ರಸ್ತೆಯೆಂದು ಹೆಸರಾಗಿದ್ದು ಈಗ 48ನೆಯ ರಾಷ್ಟ್ರೀಯ ಹೆದ್ದಾರಿಯೆನಿಸಿರುವ ಈ ದಾರಿಯಲ್ಲಿ ಅಂಬಾಸಡರ್ ಕಾರುಗಳು ಹಲವು ದಶಕಗಳ ಕಾಲ ಓಡಾಡಿದವು. ಅಂಥ ಕಾರೊಂದು ಆನಗೋಡಿನ ಒಂದು ಮನೆಯಲ್ಲಿ ಇನ್ನೂ ಇದೆಯೆಂದು ಭಾವಿಸೋಣ. ಮದುವೆಗೋ ಜಾತ್ರೆಗೋ ಮಾತ್ರ ಅದು ಹೊರಗೆ ಬರುತ್ತದೆ. ಮೂರು ವಾರ ನಿಂತಿದ್ದ ಗಾಡಿಯನ್ನು ಯಜಮಾನರು ಒಂದು ಬೆಳಗ್ಗೆ ಚಾಲೂ ಮಾಡುತ್ತಾರೆ. ಏಳೆಂಟು ಸೆಕೆಂಡುಗಳ ಕಾಲ ಮುಳ್ಳು ಅಲುಗುವುದಿಲ್ಲ; ಎಂಜಿನಿನೊಳಗೆ ಗಡಗಡ ಸದ್ದಾಗುತ್ತದೆ; ಅನಂತರ ಮುಳ್ಳು ಏರಿ ಸದ್ದು ಅಡಗುತ್ತದೆ. ನೋಡುತ್ತಿದ್ದವರಲ್ಲಿ ಒಬ್ಬರು, “ಬೇರಿಂಗು ಹೋಯಿತು, ಎಂಜಿನು ಬಿಚ್ಚಿಸಿರಿ” ಎನ್ನುತ್ತಾರೆ. ಇನ್ನೊಬ್ಬರು, “ಮಂದವಾದ ಎಣ್ಣೆ ಹಾಕಿಸಿರಿ, ಸರಿಹೋಗುತ್ತದೆ” ಎನ್ನುತ್ತಾರೆ. ಎರಡು ಸಲಹೆಗಳೂ ಪರೀಕ್ಷೆಗೆ ಮೊದಲೇ ಬಂದ ತೀರ್ಪುಗಳು.

ಇಂಥ ತೀರ್ಪಿನ ಬೆಲೆ ಸಣ್ಣದಲ್ಲ. ಅಂಬಾಸಡರಿನ ತಯಾರಿಕೆಯು ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರಲ್ಲಿ ನಿಂತುಹೋಯಿತು. ಅದರ ಹಳೆಯ ಪೆಟ್ರೋಲ್ ಎಂಜಿನು 1489 ಘನ ಸೆಂಟಿಮೀಟರಿನದು, ಇಂಗ್ಲೆಂಡಿನ ಬಿ.ಎಂ.ಸಿ. ಸಂಸ್ಥೆಯ ‘ಬಿ’ ಶ್ರೇಣಿಗೆ ಸೇರಿದ್ದು. ಇದರ ಕ್ರ್ಯಾಂಕ್ ಷಾಫ್ಟನ್ನು ಸವೆದಂತೆಲ್ಲ ಒಂದು ಅಂಗುಲದ 10, 20, 30, 40 ಸಾವಿರಾಂಶಗಳಷ್ಟು ಹಂತಹಂತವಾಗಿ ಅರೆದು, ಆಯಾ ಅಳತೆಯ ಬೇರಿಂಗುಗಳನ್ನು ತೊಡಿಸುವುದು ರೂಢಿ. ಅರೆದ ಲೋಹವು ಮತ್ತೆ ಬೆಳೆಯತಕ್ಕದ್ದಲ್ಲ. ಅನಾವಶ್ಯಕವಾಗಿ ಒಂದು ಸಲ ಅರೆಯಿಸಿದರೆ ಎಂಜಿನಿನ ಆಯುಷ್ಯದಲ್ಲಿ ಒಂದು ಮೆಟ್ಟಿಲನ್ನು ಕಳೆದಂತಾಯಿತು. ನಿಜವಾದ ರೋಗವನ್ನು ಅಲಕ್ಷಿಸಿ ಓಡಿಸಿದರೋ, ಮೆಟ್ಟಿಲುಗಳೆಲ್ಲ ಒಮ್ಮೆಲೇ ಮುಗಿದುಹೋಗಬಹುದು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ಬಲ್ಲ ಈ ಪ್ರಾಂತದ ಜನರಿಗೆ ಸಾವಿರಾಂಶ ಅಂಗುಲದ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೊದಲು ಒತ್ತಡವೆಂದರೆ ಏನೆಂಬುದನ್ನು ತಿಳಿಯೋಣ. ಪಂಪು ಒತ್ತಡವನ್ನು ಉತ್ಪತ್ತಿಮಾಡುತ್ತದೆಂದು ಹೇಳುವುದು ವಾಡಿಕೆ. ವಾಸ್ತವವಾಗಿ ಪಂಪು ಎಣ್ಣೆಯನ್ನು ನೂಕುತ್ತದೆ, ಅಷ್ಟೆ. ನೂಕಿದ ಎಣ್ಣೆಯು ಬೇರಿಂಗುಗಳ ಸಣ್ಣ ಸಂದಿಗಳಲ್ಲಿ ನುಸುಳಲಾರದೆ ತಡೆಯಲ್ಪಟ್ಟಾಗ ಒತ್ತಡವು ಹುಟ್ಟುತ್ತದೆ. ಭದ್ರಾ ಕಾಲುವೆಯ ಕೊನೆಯ ಭಾಗದ ದಾವಣಗೆರೆಯ ರೈತರಿಗೆ ಈ ಮಾತು ಬೇಗನೆ ಅರ್ಥವಾದೀತು. ಬೇಸಗೆಯಲ್ಲಿ ಒಣಗಿದ ಕಾಲುವೆಗೆ ಲಕ್ಕವಳ್ಳಿಯಲ್ಲಿ ನೀರು ಬಿಟ್ಟ ದಿನವೇ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ನಡುವಿನ ಕಾಲುವೆಯು ಮೊದಲು ತುಂಬಬೇಕು. ನೀರು ತಡವಾಗಿ ಬಂತೆಂದು ಗದ್ದೆಯ ಬದುವನ್ನು ಅಗೆಯುವವನುಂಟೆ? ನೀರು ಬಂದಮೇಲೂ ಗದ್ದೆಯಲ್ಲಿ ನಿಲ್ಲದಿದ್ದರೆ ಆಗ ಬದು ಒಡೆದಿದೆಯೆಂದು ತಿಳಿಯಬೇಕು. ಎಂಜಿನಿನಲ್ಲಿಯೂ ಹೀಗೆಯೇ. ಎಣ್ಣೆಯು ತಡವಾಗಿ ಬರುವುದು ಒಂದು ರೋಗ. ಬಂದ ಎಣ್ಣೆಯು ನಿಲ್ಲದೆ ಸೋರುವುದು ಇನ್ನೊಂದು ರೋಗ.

ಎಣ್ಣೆ ತಡವಾದರೆ ಹಾನಿಯೇನೆಂಬುದಕ್ಕೆ ಒಂದು ಹಳೆಯ ಪ್ರಯೋಗವು ಉತ್ತರ ಕೊಡುತ್ತದೆ. 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರು ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಒಂದು ಬೇರಿಂಗಿನ ಮೇಲ್ಗಡೆ ಕೊರೆದ ರಂಧ್ರದಿಂದ ಎಣ್ಣೆಯು ಉಕ್ಕಿಬಂದಿತು. ಅದನ್ನು ಮರದ ಬಿರಡೆಯಿಂದ ಮುಚ್ಚಿದರೆ ಬಿರಡೆಯೇ ಹೊರಕ್ಕೆ ತಳ್ಳಲ್ಪಟ್ಟಿತು. ತಿರುಗುವ ಷಾಫ್ಟು ತಾನೇ ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು, ಅದರ ಮೇಲೆ ತೇಲುತ್ತದೆಂಬುದು ಇದರಿಂದ ಹೊರಪಟ್ಟಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸರು ಅದರ ಗಣಿತವನ್ನು ವಿವರಿಸಿದರು. ಆದಕಾರಣ ಷಾಫ್ಟಿನ ಭಾರವನ್ನು ಹೊರುವುದು ಪಂಪಿನ ಒತ್ತಡವಲ್ಲ, ತೆಳುವಾದ ಎಣ್ಣೆಯ ಪದರ. ಆ ಪದರಕ್ಕೆ ಬೇಕಾದ ಎಣ್ಣೆಯನ್ನು ಒದಗಿಸುವುದು ಪಂಪಿನ ಕೆಲಸ. ಹಿಂದಿನ ಸಲ ಉಳಿದ ಎಣ್ಣೆಯ ಅಂಟು ಒಂದೆರಡು ಸೆಕೆಂಡು ಕಾಪಾಡೀತು. ಆಮೇಲೆ ಲೋಹವು ಲೋಹವನ್ನು ಉಜ್ಜತೊಡಗುತ್ತದೆ.

ಈಗ ಪರೀಕ್ಷೆಯ ಕ್ರಮಕ್ಕೆ ಬರೋಣ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ, ಎಂಬುದೇ ಇಲ್ಲಿ ಸೂತ್ರ. ಮೊದಲನೆಯದು ಎಣ್ಣೆಯ ಅಳತೆಯ ಕಡ್ಡಿ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನನ್ನು ಚಾಲೂ ಮಾಡುವ ಮೊದಲೇ ಕಡ್ಡಿಯನ್ನು ತೆಗೆದು ನೋಡಬೇಕು. ಎಣ್ಣೆ ಕಡಮೆಯಿದ್ದರೆ ಪಂಪು ಗಾಳಿಯನ್ನು ಹೀರುತ್ತದೆ. ಕಡ್ಡಿಯ ಎಣ್ಣೆಗೆ ಪೆಟ್ರೋಲಿನ ವಾಸನೆಯಿದ್ದರೆ, ಯಂತ್ರಚಾಲಿತ ಪೆಟ್ರೋಲ್ ಪಂಪಿನ ಪೊರೆ ಹರಿದು ಪೆಟ್ರೋಲು ಎಣ್ಣೆಗೆ ಬೆರೆಯುತ್ತಿರಬಹುದು. ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿರಬಹುದು. ಈ ಎರಡು ಸ್ಥಿತಿಗಳಲ್ಲಿಯೂ ಕಾರಣವನ್ನು ಸರಿಪಡಿಸಿ ಎಣ್ಣೆಯನ್ನು ಬದಲಿಸುವವರೆಗೆ ಎಂಜಿನನ್ನು ಓಡಿಸಲಾಗದು.

ಎರಡನೆಯದು, ಸಾಕ್ಷಿಯ ಪರೀಕ್ಷೆ. ಮಾಪಕವೇ ಸುಳ್ಳು ಹೇಳುತ್ತಿರಬಹುದು. ಮಾಪಕಕ್ಕೆ ಹೋಗುವ ಸಣ್ಣ ಕೊಳವೆಯಲ್ಲಿ ಗಾಳಿಯೋ ಕೊಳೆಯೋ ನಿಂತರೆ ಮುಳ್ಳು ತಡವಾಗಿ ಏಳುತ್ತದೆ. ದೀಪವಿರುವ ಗಾಡಿಯಲ್ಲಿ ಅದನ್ನು ಉರಿಸುವ ಸ್ವಿಚ್ಚು ಕೆಟ್ಟಿರಬಹುದು. ಒಳ್ಳೆಯ ವರ್ಕ್‌ಷಾಪುಗಳಲ್ಲಿ ನಂಬಿಕೆಗೆ ಅರ್ಹವಾದ ಬೇರೊಂದು ಮಾಪಕವಿರುತ್ತದೆ. ಅದನ್ನು ಸ್ವಿಚ್ಚಿನ ಜಾಗದಲ್ಲಿ ಎಂಜಿನಿಗೇ ಜೋಡಿಸಿ ನೋಡಿದ ಹೊರತು ಮುಂದಿನ ಯಾವ ತೀರ್ಮಾನಕ್ಕೂ ಆಧಾರವಿಲ್ಲ.

ಮೂರನೆಯದು, ಒತ್ತಡವು ಯಾವಾಗ ಕಡಮೆಯಾಗುತ್ತದೆಂಬ ವಿಚಾರ. ಇಡೀ ವಿಷಯದ ಕೀಲಿಕೈ ಇದೇ. ತಣ್ಣಗಿರುವ ಎಣ್ಣೆ ಮಂದವಾಗಿರುತ್ತದೆ. ಸವೆದ ಬೇರಿಂಗಿನಲ್ಲಿಯೂ ಅದು ಬೇಗನೆ ಸೋರುವುದಿಲ್ಲ. ಬಿಸಿಯಾದ ಎಣ್ಣೆ ತೆಳ್ಳಗಾಗಿ ಸೋರಿಹೋಗುತ್ತದೆ. ಬೇರಿಂಗಿನ ಸಂದಿಯು ಎರಡರಷ್ಟಾದರೆ ಸೋರುವಿಕೆಯು ಸುಮಾರು ಎಂಟರಷ್ಟಾಗುತ್ತದೆಂದು ಗಣಿತವು ಹೇಳುತ್ತದೆ. ಆದಕಾರಣ ಬೇರಿಂಗಿನ ಸವೆತವು ಮೊದಲು ಬಯಲಾಗುವುದು ಮುಂಜಾನೆಯ ತಂಪಿನಲ್ಲಲ್ಲ. ದೂರ ಓಡಿ ಬಿಸಿಯೇರಿದ ಎಂಜಿನು ಮಂದಗತಿಯಲ್ಲಿ ತಿರುಗುತ್ತಿರುವಾಗ. ಈ ‘ಬಿ’ ಶ್ರೇಣಿಯ ಎಂಜಿನು ಬಿಸಿಯಾಗಿ ಓಡುವಾಗ ಚದರ ಅಂಗುಲಕ್ಕೆ ಸುಮಾರು 50 ಪೌಂಡು, ಮಂದಗತಿಯಲ್ಲಿ ಸುಮಾರು 15 ಪೌಂಡು ಒತ್ತಡವಿದ್ದರೆ ಆರೋಗ್ಯವಾಗಿದೆಯೆನ್ನಬಹುದು. ಬೇರೆ ಗಾಡಿಗಳಿಗೆ ಅವುಗಳ ಕೈಪಿಡಿಯೇ ಪ್ರಮಾಣ.

ಇದರಿಂದ ಮೂರು ವಿಧಗಳು ಏರ್ಪಡುತ್ತವೆ. ಚಾಲೂ ಮಾಡಿದಾಗ ಒತ್ತಡ ತಡವಾಗಿ ಏರಿ, ಏರಿದ ಮೇಲೆ ತಣ್ಣಗಿರುವಾಗಲೂ ಬಿಸಿಯಾದಾಗಲೂ ಸರಿಯಾಗಿ ನಿಂತರೆ, ದೋಷವು ಎಣ್ಣೆ ಬರುವ ಹಾದಿಯಲ್ಲಿದೆ. ತಣ್ಣಗಿರುವಾಗ ಚೆನ್ನಾಗಿದ್ದು ಬಿಸಿಯಾದಾಗ ಇಳಿದರೆ, ತೆಳ್ಳಗಾದ ಎಣ್ಣೆಯನ್ನು ಇಲ್ಲವೆ ಸವೆದ ಬೇರಿಂಗನ್ನು ಸಂದೇಹಿಸಬೇಕು. ತಣ್ಣಗಿರುವಾಗಲೂ ಬಿಸಿಯಾದಾಗಲೂ ಕಡಮೆಯೇ ಇದ್ದು, ವೇಗವನ್ನು ಹೆಚ್ಚಿಸಿದರೂ ಏರದಿದ್ದರೆ, ರಿಲೀಫ್ ವಾಲ್ವು ಅಥವಾ ಪಂಪು ಕೆಟ್ಟಿದೆಯೆನ್ನಬೇಕು. ಒತ್ತಡ ಮಿತಿಮೀರದಂತೆ ಕಾಯುವ ಈ ವಾಲ್ವಿನ ಪೀಠದಲ್ಲಿ ಒಂದು ಲೋಹದ ಚೂರು ಸಿಕ್ಕಿಕೊಂಡರೆ ಸಾಕು, ಅದು ಸದಾ ತೆರೆದೇ ಇರುತ್ತದೆ. ಅದನ್ನು ಬಿಚ್ಚಿ ಶುಚಿಮಾಡುವುದು ಎಂಜಿನು ಬಿಚ್ಚುವ ಕೆಲಸವಲ್ಲ.

ಆನಗೋಡಿನ ಗಾಡಿಯು, ಬಿಸಿಯಾದಮೇಲೂ ಒತ್ತಡವನ್ನು ಉಳಿಸಿಕೊಂಡರೆ, ಮೊದಲನೆಯ ವಿಧಕ್ಕೆ ಸೇರಿದ್ದು. ಆಗ ಮೊದಲು ನೋಡತಕ್ಕದ್ದು ಫಿಲ್ಟರನ್ನು. ಗಾಡಿ ನಿಂತಾಗ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರಿನ ವಾಲ್ವು ಹಲವು ಫಿಲ್ಟರುಗಳೊಳಗಿರುತ್ತದೆ. ಅದು ಗಟ್ಟಿಯಾಗಿದ್ದರೆ, ಅಥವಾ ಅಗ್ಗದ ಫಿಲ್ಟರಿನಲ್ಲಿ ಇಲ್ಲದೆಯೇ ಇದ್ದರೆ, ನಿಂತ ಗಾಡಿಯ ಎಣ್ಣೆಯೆಲ್ಲ ಸಂಪಿಗೆ ಇಳಿದುಹೋಗುತ್ತದೆ. ಮರುದಿನ ಪಂಪು ಬರಿದಾದ ಫಿಲ್ಟರನ್ನು ಮೊದಲು ತುಂಬಬೇಕು. ಒಳ್ಳೆಯ ಫಿಲ್ಟರನ್ನು ಹಾಕಿಯೂ ಗುಣವಾಗದಿದ್ದರೆ ಪಂಪಿನ ಕಡೆಗೆ ತಿರುಗಬೇಕು. ಎಣ್ಣೆ ಹೀರುವ ಕೊಳವೆಯ ಜೋಡಣೆಯಲ್ಲಿ ಗಾಳಿ ನುಗ್ಗುತ್ತಿರಬಹುದು. ಅಥವಾ ಪಂಪಿನ ಒಳಚಕ್ರಗಳು ಸವೆದು, ಒಣಗಿದಾಗ ಎಣ್ಣೆಯನ್ನು ಮೇಲಕ್ಕೆತ್ತಲಾರದಾಗಿರಬಹುದು. ಎರಡಕ್ಕೂ ಸಂಪನ್ನು ಇಳಿಸಿದರೆ ಸಾಕು. ಕ್ರ್ಯಾಂಕ್ ಷಾಫ್ಟನ್ನು ಮುಟ್ಟಬೇಕಾಗಿಲ್ಲ.

ಎಣ್ಣೆಯ ದರ್ಜೆಯ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲದಿರುವುದರಿಂದ ಇಂಥ ಎಂಜಿನುಗಳಿಗೆ 20ಡಬ್ಲ್ಯು–50 ಎಣ್ಣೆ ಸಾಮಾನ್ಯವಾಗಿ ಒಗ್ಗುತ್ತದೆ. ಅದಕ್ಕಿಂತ ಮಂದವಾದುದನ್ನು ಹಾಕಿದರೆ ಮುಳ್ಳು ಮೇಲೇರಿ ಯಜಮಾನರಿಗೆ ಸಮಾಧಾನವಾದೀತು. ಆದರೆ ಆ ಎಣ್ಣೆ ಮುಂಜಾನೆ ಬೇರಿಂಗನ್ನು ಇನ್ನೂ ತಡವಾಗಿ ಮುಟ್ಟುತ್ತದೆ. ಹೀಗೆ ಮಾಪಕವು ಗುಣವಾಗಿ ಎಂಜಿನು ಸಾಯುವುದುಂಟು.

ಬಹಳ ದಿನ ನಿಂತ ಗಾಡಿಗೆ ಒಂದು ಸುಲಭೋಪಾಯವಿದೆ. ಪ್ಲಗ್ಗುಗಳನ್ನು ಬಿಚ್ಚಿ, ಇಗ್ನಿಷನ್ ಕಾಯಿಲಿನ ತಂತಿಯನ್ನು ಬೇರ್ಪಡಿಸಿ, ಮುಳ್ಳು ಏಳುವವರೆಗೆ ಸೆಲ್ಫಿನಿಂದ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಬೇಕು. ಹ್ಯಾಂಡಲು ಇದ್ದರೆ ಕೈಯಿಂದಲೂ ಆದೀತು. ಬೆಂಕಿಯ ಹೊಡೆತವಿಲ್ಲದಿರುವುದರಿಂದ ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ. ಅನಂತರ ಪ್ಲಗ್ಗು ಹಾಕಿ ಚಾಲೂ ಮಾಡಬಹುದು. ಚಾಲೂ ಆದೊಡನೆ ಆಕ್ಸಿಲರೇಟರನ್ನು ತುಳಿಯುವ ಚಾಳಿಯನ್ನು ಮಾತ್ರ ಬಿಡಬೇಕು. ಹತ್ತು ಸೆಕೆಂಡು ಕಳೆದರೂ ಮುಳ್ಳು ಏಳದಿದ್ದರೆ ಎಂಜಿನನ್ನು ಕೂಡಲೆ ನಿಲ್ಲಿಸತಕ್ಕದ್ದು. ಮುಳ್ಳು ಎದ್ದರೂ ಒಳಗಿನ ದಪ್ಪ ಬಡಿತವು ಬಿಸಿಯೇರಿದಂತೆಲ್ಲ ಹೆಚ್ಚುತ್ತಿದ್ದರೆ, ಆಗ ಬೇರಿಂಗನ್ನು ಬಿಚ್ಚಿ ನೋಡುವುದೇ ಸರಿ; ಅಲ್ಲಿ ತಡಮಾಡುವುದು ಜಿಪುಣತನವಲ್ಲ, ನಷ್ಟ.

ಕಡೆಯ ಮಾತು ಇಷ್ಟೆ. ಗಾಡಿಯನ್ನು ಮೆಕ್ಯಾನಿಕ್ಕಿನ ಬಳಿಗೆ ಒಯ್ಯುವ ಮುನ್ನ ಯಜಮಾನರು ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು: ಗಾಡಿ ಎಷ್ಟು ದಿನ ನಿಂತಿತ್ತು, ಮುಳ್ಳು ಏಳಲು ಎಷ್ಟು ಸೆಕೆಂಡು ಹಿಡಿಯಿತು, ತಣ್ಣಗಿದ್ದಾಗ ಒತ್ತಡವೆಷ್ಟು, ಅರ್ಧ ಗಂಟೆ ಓಡಿಸಿದ ಮೇಲೆ ಮಂದಗತಿಯಲ್ಲಿ ಎಷ್ಟು. ಈ ನಾಲ್ಕು ಸಾಲುಗಳು ಕೈಯಲ್ಲಿದ್ದರೆ ಯಾವ ಭಾಗವನ್ನು ಬಿಚ್ಚಬೇಕೆಂಬುದಲ್ಲದೆ, ಯಾವುದನ್ನು ಬಿಚ್ಚಬಾರದೆಂಬುದೂ ತಿಳಿಯುತ್ತದೆ.